ಹೊಟ್ಟೆ ಸೀಳಬೇಕಾದ ಅಕ್ಷರ

ಮೊಮ್ಮಗಳ ಬಿಲ್ಲೆಗಳು ಬಂದವು! ಒಂದೂ ಕೆಟ್ಟಿಲ್ಲ, ಅವಳ ಕೆಲಸ ಕಾಯಂ ಆಯಿತು. ಅಂಗಡಿಯ ಮಾಲಕರೇ ಫೋನ್ ಮಾಡಿ ಹೇಳಿದರು. ನಾನು ಕಮಲಾಪುರದ ನಮ್ಮ ಓಣಿಯಲ್ಲಿ ನಾಲ್ಕು ಮನೆಗೆ ಹೇಳಿದೆ. ಐದನೆಯ ಮನೆಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

ಏನು ಬಿಲ್ಲೆ, ಯಾವ ಕೆಲಸ ಎಂದು ಹೇಳಬೇಕಲ್ಲ. ಮನೆಮನೆಗೆ ಕಂಪ್ಯೂಟರ್ ಇನ್ನೂ ಬಂದಿರದ ದಿನಗಳು. ನನ್ನ ಮಗನ ಮಗಳು ಕಲಬುರಗಿಯಲ್ಲಿ, ನೆಹರು ಗಂಜ್ ಹತ್ತಿರದ ಒಂದು ಡಿಟಿಪಿ ಅಂಗಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಲಗ್ನಪತ್ರಿಕೆ, ಕರಪತ್ರ ಮಾಡುವ ಅಂಗಡಿ. ಎರಡು ತಿಂಗಳು ನೋಡುತ್ತೇನೆ, ಇಟ್ಟುಕೊಳ್ಳುವ ಮಾತು ಆಮೇಲೆ ಎಂದಿದ್ದರು ಮಾಲಕರು. ಅಷ್ಟರಲ್ಲಿ ನಮ್ಮೂರಿನ ಒಂದು ಪ್ರೌಢಶಾಲೆಯವರು ಮಕ್ಕಳ ಅಂಗಿಗೆ ಚುಚ್ಚುವ ಬಿಲ್ಲೆ ಬೇಕೆಂದು ಬಂದರು. ನಡುವೆ ನಮ್ಮೂರಿಗೆ ಹೆಸರು ತಂದ ಕೆಂಪು ಬಾಳೆಯ ಗೊನೆ, ಸುತ್ತ ಶಾಲೆಯ ಹೆಸರು. ಬಿಲ್ಲೆ ಮಾಡುವುದು ಮುಂಬೈಯ ಕಾರ್ಖಾನೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಫೈಲು ಕಳಿಸುವುದು ಇವಳ ಪಾಲಿಗೆ ಬಂತು.

ಬಿಲ್ಲೆಗೆ ಮೀನಾ ತುಂಬುತ್ತಾರೆ ಆಯಿ, ಅಂದಳು. ನಾನು ಮೀನು ಎಂದು ತಿಳಿದು ಮೂಗು ಮುಚ್ಚಿಕೊಂಡೆ. ಅವಳು ನಕ್ಕು ಸಾಕಾಗಿ ಆಮೇಲೆ ತಿಳಿಸಿದಳು. ಹಿತ್ತಾಳೆಯಲ್ಲಿ ಸಣ್ಣ ಸಣ್ಣ ತಗ್ಗು ಒತ್ತಿ, ಅದರೊಳಗೆ ಗಾಜಿನಂಥ ಬಣ್ಣ ತುಂಬಿ ಸುಡುತ್ತಾರಂತೆ; ಅದೇ ಮೀನಾ. ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ಲೋಹದ ಗೆರೆ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ಎಲ್ಲ ಕೂಡಿಬಿಡುತ್ತವೆ. ಮೊದಲ ಫೈಲಿನಲ್ಲಿ ಅವಳು ಬಾಳೆಹಣ್ಣಿಗೆ ಕೆಂಪಿನಿಂದ ಹಳದಿಗೆ ಮೆಲ್ಲಗೆ ಇಳಿಯುವ ಬಣ್ಣ ಕೊಟ್ಟಿದ್ದಳು, ಗೆರೆಗಳು ಕೂದಲಿನಷ್ಟು ತೆಳ್ಳಗೆ. ನೋಡಲು ಚೆಂದ. ಕಾರ್ಖಾನೆಯವರು ಇದು ಆಗುವುದಿಲ್ಲವೆಂದು ತಿರುಗಿ ಕಳಿಸಿದರು. ಇನ್ನೊಮ್ಮೆ ಹೀಗಾದರೆ ಬರಬೇಡ ಎಂದರು ಮಾಲಕರು. ಆ ದಿನ ಅವಳು ಊಟ ಮಾಡಲಿಲ್ಲ.

ಎಂಟು ದಿನ ಕೂತು ತಿದ್ದಿದಳು. ಕೆಂಪು ಬೇರೆ, ಹಳದಿ ಬೇರೆ ಮಾಡಿದಳು. ಗೆರೆಗಳನ್ನೂ ಅಕ್ಷರಗಳನ್ನೂ ದಪ್ಪ ಮಾಡಿದಳು. ಮುಂಬೈಯ ಕಂಪ್ಯೂಟರಿನಲ್ಲಿ ಕನ್ನಡ ಇರುವುದಿಲ್ಲವೆಂದು ಅಕ್ಷರಗಳನ್ನೆಲ್ಲ ಚಿತ್ರವಾಗಿ ಬದಲಿಸಿದಳಂತೆ. ಶನಿವಾರ ಸಂಜೆ ಅದರ ಅಚ್ಚನ್ನು ದೊಡ್ಡ ಕಾಗದದ ಮೇಲೆ ತೆಗೆದುಕೊಂಡು ಬಂದಳು. ಭಾನುವಾರ ಮಗ ಓದಿದ, ಸೊಸೆ ಓದಿದಳು, ಸರಿ ಇದೆ ಎಂದರು.

ನಾನು ಐವತ್ತು ದಾಟಿದ ಮೇಲೆ ಸಾಕ್ಷರತಾ ಕೇಂದ್ರದಲ್ಲಿ ಕಲಿತವಳು. ಇವತ್ತಿಗೂ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದುತ್ತೇನೆ. ಓದು ಬಲ್ಲವರು ಶಬ್ದ ನೋಡಿ ಮುಂದೆ ಹೋಗಿಬಿಡುತ್ತಾರೆ. ನನಗೆ ಹಾಗೆ ಬರುವುದಿಲ್ಲ. ಡ ಹೊಟ್ಟೆ ಸೀಳಿದರೆ ಢ ಎಂದು ನಮ್ಮ ಅಕ್ಕೋರು ಕಲಿಸಿದ್ದರು. ಪ್ರೌಢಶಾಲೆ ಎಂಬಲ್ಲಿ ನನ್ನ ಬೆರಳು ನಿಂತಿತು.

“ಇದರ ಹೊಟ್ಟಿ ಯಾಕ ಸೀಳಿಲ್ಲ?” ಎಂದೆ.

ಮಗ ನಕ್ಕ. “ಅವ್ವಾ, ಹುಟ್ಟಿದಾಗಿಂದ ಬಾಯಿಲೆ ಡ ಅಂತೀದಿ. ಈಗ ಢ ಬೇಕಾತೇನು?”

“ಬಾಯಾಗ ನಡೀತದಪಾ. ಹಿತ್ತಾಳ್ಯಾಗ ನಡಿಯಂಗಿಲ್ಲ.”

ಮೊಮ್ಮಗಳು ಕಾಗದ ಕಸಿದು ಕಣ್ಣಿಗೆ ಹಿಡಿದಳು. ದಪ್ಪ ಮಾಡುವಾಗ ಢದ ಸೀಳು ಕೂಡಿಕೊಂಡು ಅದು ಡ ಆಗಿತ್ತು. ಶಾಲೆಯ ಹೆಸರೇ ತಪ್ಪು. ಫೈಲು ತುಂಬಿದ ಸಿ.ಡಿ. ಆಗಲೇ ಅಂಗಡಿಯಲ್ಲಿ ಕಟ್ಟಿ ಇಟ್ಟಾಗಿತ್ತು, ಮರುದಿನ ಮುಂಜಾನೆ ಕೊರಿಯರ್‌ಗೆ ಹೋಗುವುದಿತ್ತು.

ಸೋಮವಾರ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ, ಅದಕ್ಕೇ ನಾನು ಜೊತೆಗೆ ಹೋದೆ. ಅಂಗಡಿಯಲ್ಲಿ ತಪ್ಪನ್ನು ತಾನೇ ಒಪ್ಪಿಕೊಂಡಳು. ಮಾಲಕರು ಮುಖ ಗಂಟಿಕ್ಕಿ, ಸಾಸಿವೆಯಷ್ಟು ಸೀಳನ್ನು ಯಾರು ನೋಡುತ್ತಾರೆ ಎಂದು ನನ್ನನ್ನು ಕೇಳಿದರು.

“ಕಲಿಯೋ ಮಕ್ಕಳು ನೋಡ್ತಾವ್ರೀ. ನಾ ನೋಡಿಲ್ಲೇನು?” ಎಂದೆ.

ಅವರು ಗಡಿಯಾರ ನೋಡಿ, ಕೊರಿಯರ್‌ನವನು ಬರುವುದರೊಳಗೆ ಮುಗಿಸು ಎಂದರು ಅವಳಿಗೆ. ಕಂಪ್ಯೂಟರಿನಲ್ಲಿ ಆ ಅಕ್ಷರ ರೊಟ್ಟಿಯಷ್ಟು ದೊಡ್ಡದಾಯಿತು. ಅವಳು ಮೌಸಿನಿಂದ ಅದರ ಅಂಚು ಹಿಡಿದು ಆಚೆ ಈಚೆ ಎಳೆದಳು. ಸೀಳು ತೀರ ಸಣ್ಣದಾದರೆ ಒಳಗೆ ಬಣ್ಣ ಇಳಿಯುವುದಿಲ್ಲ, ಅಗಲವಾದರೆ ಅಕ್ಷರ ಮುರಿದಂತೆ ಕಾಣುತ್ತದೆ. ನಾನು ಸ್ಟೂಲಿನ ಮೇಲೆ ಕೂತು, ಇನ್ನೂ ಸ್ವಲ್ಪ, ಹಾಂ ಸಾಕು ಎನ್ನುತ್ತಿದ್ದೆ. ಉಳಿದ ಅಕ್ಷರಗಳನ್ನೂ ಒಂದೊಂದಾಗಿ ನೋಡಿದೆವು. ಹೊಸ ಸಿ.ಡಿ. ಹೋಯಿತು.

ಆಮೇಲೆ ಇಪ್ಪತ್ತು ದಿನ ಮುಂಬೈಯಿಂದ ಬಿಲ್ಲೆ ಬರುವ ದಾರಿ ನೋಡಿದೆವು. ಆ ಮಾತು ಎತ್ತಿದರೆ ಅವಳು ಎದ್ದು ಹೋಗುತ್ತಿದ್ದಳು.

ಫೋನ್ ಬಂದ ದಿನ ಮಾಲಕರು ಅವಳನ್ನು ಬೇಗ ಬಿಟ್ಟರು. ದಿನಾ ಕತ್ತಲಾದ ಮೇಲೆ ಬಂದು ಒಬ್ಬಳೇ ಉಣ್ಣುವವಳು, ಅಂದು ಹೊತ್ತು ಮುಳುಗುವ ಮೊದಲೇ ಬಂದು ಬಿಲ್ಲೆಯೊಂದನ್ನು ನನ್ನ ಅಂಗೈಯಲ್ಲಿ ಇಟ್ಟಳು. ಸೊಸೆ ಹೋಳಿಗೆ ಮಾಡಿದ್ದಳು. ಎಲ್ಲರೂ ಸುತ್ತ ಕೂತೆವು. ಮಗ ತನ್ನ ಮಗಳ ತಾಟಿಗೆ ತುಪ್ಪ ಸುರುವಿ, “ನಾಳಿಂದ ಬಸ್‌ಸ್ಟ್ಯಾಂಡಿಗೆ ನಾನೇ ಬಿಡ್ತೀನಿ” ಎಂದ. ಅವಳು ಬಾಯಿ ತುಂಬಿಕೊಂಡಿದ್ದಳು, ಬರೀ ತಲೆಯಾಡಿಸಿದಳು. ಸೊಸೆ ಬಿಸಿ ಬಿಸಿ ತಂದು ಹಾಕುತ್ತಲೇ ಇದ್ದಳು. ಅವಳನ್ನೂ ಕೈಹಿಡಿದು ಕೂರಿಸಿಕೊಂಡು ಉಂಡೆವು. ನಾನು ಒಂದು ಹೋಳಿಗೆ ಹೆಚ್ಚೇ ಉಂಡೆ.