ಏಳು ಸೋಮವಾರಗಳ ನೀರು

ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗ ನೋಡಿದರೂ ಬೆಳ್ಳಗಿರುತ್ತಿದ್ದವು. ಊರಿಗೆ ಹೊಸದಾಗಿ ಬಂದವರು, ಪಾಪ, ಸ್ಕೂಲ್ ಟೀಚರ್ ಇರಬೇಕು ಅಂದುಕೊಳ್ಳುತ್ತಿದ್ದರು. ಟೀಚರೂ ಅಲ್ಲ, ಮಣ್ಣೂ ಅಲ್ಲ. ನೀರು ಸರಬರಾಜು ಇಲಾಖೆಯಲ್ಲಿ ಬಾವಿ ಅಳೆಯುವ ಕೆಲಸ. ಅಂಥದ್ದೊಂದು ಕೆಲಸ ಇದೆ ಅಂತ ಅಲ್ಲಿಯ ಅರ್ಧ ಗುಮಾಸ್ತರಿಗೇ ಗೊತ್ತಿರಲಿಲ್ಲ ಬಿಡಿ. ಉಕ್ಕಿನ ಟೇಪಿನ ತುದಿಯ ಎರಡು ಅಡಿಗೆ ಸೀಮೆಸುಣ್ಣ ಬಳಿಯಬೇಕು, ಬಾವಿಯೊಳಗೆ ಇಳಿಬಿಡಬೇಕು, ಮೇಲೆಳೆದು ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಬೇಕು, ಇಳಿಬಿಟ್ಟ ಉದ್ದದಲ್ಲಿ ಅಷ್ಟನ್ನು ಕಳೆದು ನೀರು ಎಷ್ಟು ಆಳದಲ್ಲಿದೆ ಅಂತ ಬರೆಯಬೇಕು. ಅಷ್ಟೇ. ಮೂವತ್ತೊಂದು ವರ್ಷ ಅವಳು ಅಷ್ಟೇ ಮಾಡಿದಳು. ಊರು ಅವಳನ್ನು ಸುಣ್ಣದಕ್ಕ ಅಂದಿತು, ಅವಳೂ ಓಗೊಟ್ಟಳು.

ನಿವೃತ್ತಿಯಾದ ಮೇಲೆ ಎಲ್ಲ ಬಾವಿಗಳಿಗೂ ಯಂತ್ರ ಕೂರಿಸಿದರು. ಒಂದಕ್ಕೆ ಮಾತ್ರ ಕೂರಿಸಲಿಲ್ಲ. ಊರಿನ ಮೇಲ್ಗಡೆ ದೊಡ್ಡ ಹುಲ್ಲುಗಾವಲಿದೆಯಲ್ಲ, ಅದು ಇಳಿಜಾರಾಗುವ ಕಡೆ ಒಂದು ಹಳೆಯ ಕಲ್ಲುಬಾವಿ. ಕೆಳಗಿನ ನಾಲ್ಕು ಬೀದಿಗೆ ಇವತ್ತಿಗೂ ಅದರದ್ದೇ ನೀರು. ಇಲಾಖೆಯ ಪಟ್ಟಿಯಿಂದ ಅದು ಹೇಗೋ ಜಾರಿಹೋಗಿತ್ತು. "ಪಟ್ಟಿಯಲ್ಲಿಲ್ಲ ಅಂದ್ರೆ ಬಾವಿ ಇಲ್ಲ ಅಂತಾನಾ?" ಅಂತ ಸುಣ್ಣದಕ್ಕ ಆಫೀಸಿನಲ್ಲಿ ನಾಲ್ಕು ಮಾತು ಆಡಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿ, ಹಳೆಯ ಟೇಪನ್ನೂ ಆ ಬಾವಿಯ ಅಳತೆಯ ಪುಸ್ತಕಗಳನ್ನೂ ತಾನೇ ಇಟ್ಟುಕೊಂಡು ಪ್ರತಿ ಸೋಮವಾರ ಬೆಳಿಗ್ಗೆ ಆ ಒಂದು ಬಾವಿಗೆ ಹೋಗತೊಡಗಿದಳು. ನಾಲ್ಕು ವರ್ಷದಿಂದ ಇದೇ: ಸಂಬಳವಿಲ್ಲ, ಕೇಳುವವರಿಲ್ಲ, ಹೇಳುವವರಿಲ್ಲ.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ: ಕಿಟಕಿಗೆ ತಾಗಿದ ಹೊಲಿಗೆ ಮಷಿನ್ನು, ಕತ್ತರಿಸುವ ಉದ್ದ ಮೇಜು, ಗೋಡೆಗೆ ನೇತುಹಾಕಿದ ಅರೆಬರೆ ಕೋಟುಗಳು. ಬಂದವರಿಗೆಲ್ಲ ಹೇಳುತ್ತಿದ್ದ, "ನಾನು ಮನುಷ್ಯರನ್ನ ಅಳೀತೀನಿ, ಇವಳು ನೀರನ್ನ ಅಳೀತಾಳೆ. ನಮ್ಮನೇಲಿ ಅಳತೆ ಇಲ್ದೆ ಇರೋದು ಅಂದ್ರೆ ಇವಳ ಮಾತು ಒಂದೇ." ಅಡುಗೆಮನೆಯಿಂದ ತಕ್ಷಣ ಉತ್ತರ ಬರುತ್ತಿತ್ತು, "ನನ್ನ ಬಾವಿ ನಿಮ್ಮ ಗಿರಾಕಿ ಥರ ವಾರದಿಂದ ವಾರಕ್ಕೆ ದಪ್ಪ ಆಗಲ್ಲ ರೀ!" ಮಕ್ಕಳಿಲ್ಲದ ಮನೆ. ಆದರೆ ಸದ್ದಿಗೇನೂ ಬರವಿರಲಿಲ್ಲ.

ಹೀಗಿರುವಾಗ ಕಂಪನಿಯೊಂದು ಹುಲ್ಲುಗಾವಲಿನ ಮೇಲೆ ಕಣ್ಣು ಹಾಕಿತು. ನೆಲದಡಿಯಲ್ಲಿ ಅನಿಲ ಇದೆಯಂತೆ, ಹದಿನೆಂಟು ಕಡೆ ಕೊರೆಯುತ್ತಾರಂತೆ. ಹೋದ ವರ್ಷವೇ ಪರೀಕ್ಷೆಗೆಂದು ಒಂದು ಕಡೆ ಕೊರೆದು, ಎರಡು ತಿಂಗಳಿಗೂ ಸ್ವಲ್ಪ ಕಡಿಮೆ ಗಡಗಡ ಸದ್ದು ಮಾಡಿ, ಮುಚ್ಚಿಕೊಂಡು ಹೋಗಿದ್ದರು. ಈಗ ಪೂರ್ತಿ ಅನುಮತಿಗೆ ಅರ್ಜಿ ಹಾಕಿದ್ದರು. ಊರಿನವರು ಸಮಿತಿ ಕಟ್ಟಿದರು. ಔಷಧಿ ಅಂಗಡಿಯವನು ಅದರ ಕಾರ್ಯದರ್ಶಿ. ತೆಳ್ಳಗಿನ, ಚುರುಕು ಮನುಷ್ಯ. ಮಾತ್ರೆ ಕೊಡುವಾಗಲೂ ಜೊತೆಗೊಂದು ಕರಪತ್ರ ತುರುಕುತ್ತಿದ್ದ. ಮೆರವಣಿಗೆ ಆಯಿತು, ಸಹಿ ಸಂಗ್ರಹ ಆಯಿತು. ಕಂಪನಿಯವರು ಎಲ್ಲದಕ್ಕೂ ಒಂದೇ ಪ್ರಶ್ನೆ ಹಾಕಿದರು: ಕೊರೆಯುವುದಕ್ಕೂ ನಿಮ್ಮ ನೀರಿಗೂ ಸಂಬಂಧ ಇದೆ ಅನ್ನುವುದಕ್ಕೆ ಪುರಾವೆ ಎಲ್ಲಿ?

ಆಗ ಔಷಧಿ ಅಂಗಡಿಯವನಿಗೆ ಸುಣ್ಣದಕ್ಕನ ಪುಸ್ತಕಗಳ ನೆನಪಾಯಿತು. ಬಂದು ಕೇಳಿದ, ಹೊತ್ತುಕೊಂಡು ಹೋದ, ಮೂರು ದಿನ ಕಳೆದು ಓಡೋಡಿ ಬಂದ. "ಅಕ್ಕಾ! ಸಿಕ್ಕಿಬಿಡ್ತು! ಅವರು ಕೊರೆದ ಏಳು ವಾರ ನಿಮ್ಮ ಬಾವಿ ನೀರು ನಾಲ್ಕು ಇಂಚು ಕೆಳಗಿಳಿದಿದೆ. ಸದ್ದು ನಿಂತ ವಾರ ಮತ್ತೆ ಮೇಲೆ! ಇಷ್ಟು ವರ್ಷದಲ್ಲಿ ಎರಡು ಬೆರಳಿಗಿಂತ ಹೆಚ್ಚು ಅಲ್ಲಾಡದ ನೀರು ಅಕ್ಕಾ ಅದು!"

ಅವಳಿಗೇ ಆಶ್ಚರ್ಯ. ಯಾಕೆಂದರೆ ಬರೆದದ್ದನ್ನು ತಿರುವಿ ನೋಡುವ ಅಭ್ಯಾಸ ಅವಳಿಗಿಲ್ಲ. ಹಿಂದಿನ ವಾರದ ಅಂಕಿ ನೋಡಿಕೊಂಡು ಅಳೆದರೆ ಕಣ್ಣು ಅದನ್ನೇ ಹುಡುಕುತ್ತದೆ ಅಂತ ಕೆಲಸಕ್ಕೆ ಸೇರಿದ ದಿನ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು. ವಾರಕ್ಕೊಂದು ಹೊಸ ಹಾಳೆ, ಬರೆದು ಮಗುಚಿಬಿಡುವುದು. ಈಗ ಮಾತ್ರ ಹಿಗ್ಗಿ ಹೀರೇಕಾಯಿಯಾದಳು. ಮೂವತ್ತೈದು ವರ್ಷ ಯಾರಿಗೂ ಬೇಡವಾಗಿದ್ದ ಅಂಕಿಗಳು ಊರನ್ನು ಉಳಿಸುತ್ತವೆ ಅಂದರೆ ಯಾರಿಗೆ ಸಂತೋಷ ಆಗುವುದಿಲ್ಲ ಹೇಳಿ. ಬೀದಿಯಲ್ಲಿ ಹೋದರೆ ಜನ ನಿಲ್ಲಿಸಿ ಕೈ ಹಿಡಿದುಕೊಳ್ಳುತ್ತಿದ್ದರು.

ಕಂಪನಿಯ ಅರ್ಜಿಯ ವಿಚಾರಣೆ ಗೊತ್ತಾಗಿತ್ತು. ಅದರ ಹಿಂದಿನ ದಿನ ಮಧ್ಯಾಹ್ನ ಔಷಧಿ ಅಂಗಡಿಯವನು ದೊಡ್ಡದೊಂದು ಬೋರ್ಡು ತಂದು ದರ್ಜಿಯ ಮೇಜಿಗೆ ಒರಗಿಸಿ ಹೋದ. ಬಾವಿಯ ನೀರಿನ ಗೆರೆಯನ್ನು ನೀಲಿ ಬಣ್ಣದಲ್ಲಿ ಬರೆಸಿದ್ದ, ಏಳು ವಾರವನ್ನು ಕೆಂಪಿನಲ್ಲಿ. ಸುಣ್ಣದಕ್ಕ ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ನೋಡಿದಳು. ನೋಡುತ್ತಾ ನೋಡುತ್ತಾ ಕನ್ನಡಕ ತೆಗೆದು ಒರೆಸಿ ಮತ್ತೆ ಏರಿಸಿಕೊಂಡಳು.

ನೀರು ಹಾಗೆ ಇಳಿಯುವುದಿಲ್ಲ. ಇಳಿಯುವ ನೀರು ಮೊದಲ ವಾರ ಅರ್ಧ ಇಂಚು, ಮುಂದಿನ ವಾರ ಒಂದು, ಹೀಗೆ ಎಳೆದುಕೊಂಡು ಇಳಿಯುತ್ತದೆ, ಹತ್ತುವಾಗಲೂ ಅಷ್ಟೇ ಸೋಮಾರಿತನ. ಇದು ಮೆಟ್ಟಿಲು ಇಳಿದ ಹಾಗೆ ಒಂದೇ ಸಲ ನಾಲ್ಕು ಇಂಚು ಇಳಿದು, ಏಳು ವಾರ ಅಲ್ಲೇ ಕೂತು, ಒಂದೇ ಸಲ ಹತ್ತಿದೆ. ಕೆಳಗೆ ಬರೆದಿದ್ದ ತಾರೀಖುಗಳ ಮೇಲೆ ಬೆರಳಾಡಿಸಿದಳು. ಅವು ಅವಳ ಕಣ್ಣಿನ ಆಪರೇಷನ್ ಆದ ವಾರಗಳು! ಕಣ್ಣಿನ ಪರದೆ ಕಿತ್ತುಬಂದಿತ್ತು. ಡಾಕ್ಟರು ಏಳು ವಾರ ತಲೆ ಬಗ್ಗಿಸಲೇಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು. ಏಳು ಸೋಮವಾರ ಬಾವಿಗೆ ಹೋಗಿ ಬಂದವನು, ಬಂದು ಪುಸ್ತಕದಲ್ಲಿ ಬರೆದವನು, ಗಂಡ.

"ರೀ, ಇಲ್ಲಿ ಬನ್ನಿ."

ದರ್ಜಿ ಮಷಿನ್ನಿನಿಂದ ಎದ್ದು ಬಂದ.

"ಆವಾಗ ನೀವು ಹೇಗೆ ಅಳೆದ್ರಿ?"

"ನೀನು ಹೇಳಿದ ಹಾಗೇ ಕಣೇ. ಸುಣ್ಣ ಬಳಿದೆ, ಬಿಟ್ಟೆ, ಎಳೆದೆ, ಕಳೆದೆ. ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೆ ನೀನು!"

"ಕಳೆದು, ಆಮೇಲೆ?"

"ಆಮೇಲೆ ಏನು, ಬರೆದೆ. ಲೂಸು ಸೇರಿಸಿ ಬರೆದೆ."

"ಏನು ಸೇರಿಸಿ?"

"ಲೂಸು ಕಣೇ, ನಾಲ್ಕು ಇಂಚು. ಅಳತೆಯನ್ನ ಬಿಗಿಯಾಗಿ ಬರೀತಾರಾ ಯಾರಾದ್ರೂ? ಎದೆ ಮೂವತ್ತಾರು ಅಂದ್ರೆ ನಲವತ್ತು ಅಂತ ಬರೀತೀನಿ. ಉಸಿರಾಡೋಕೆ ಜಾಗ ಬೇಡ್ವಾ? ನೀರಿಗೂ ಹಾಗೇ ಅಲ್ವಾ..." ಹೆಂಡತಿಯ ಮುಖ ನೋಡಿ ಅವನ ಮಾತು ಅಲ್ಲೇ ನಿಂತಿತು. "ಯಾಕೆ, ತಪ್ಪಾಯ್ತಾ?"

ನಲವತ್ತೆರಡು ವರ್ಷ ಟೇಪು ಹಿಡಿದ ಕೈ. ಒಂದು ಸಲವೂ ಬರೀ ಅಳತೆಯನ್ನು ಬರೆದದ್ದಿಲ್ಲ. ತಲೆಯನ್ನು ಕೇಳದೆಯೇ ಆ ಕೈ ಬಾವಿಗೂ ಅಂಗಿ ಹೊಲಿದುಬಿಟ್ಟಿತ್ತು. ಸುಣ್ಣದಕ್ಕನಿಗೆ ನಗು ಬಂತು, ನಗುತ್ತಲೇ ಕುರ್ಚಿ ಎಳೆದು ಕೂತಳು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಇಡೀ ಊರು ನಂಬಿಕೊಂಡಿದ್ದದ್ದು ಈ ನಾಲ್ಕು ಇಂಚನ್ನೇ.

ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಔಷಧಿ ಅಂಗಡಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕೌಂಟರಿನ ಹಿಂದೆ ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ತಗ್ಗಿದ ದನಿಯಲ್ಲಿ ಅಂದ, "ಅಕ್ಕಾ, ಇದು ಯಾರಿಗೆ ಗೊತ್ತು?"

"ನಮ್ಮಿಬ್ಬರಿಗೆ. ಈಗ ನಿಮಗೆ."

"ಹಾಗಿದ್ರೆ ಒಂದೇ ಒಂದು ದಿನ ಸುಮ್ನಿರಿ. ಕೈಮುಗೀತೀನಿ. ಸುಳ್ಳು ಹೇಳಿ ಅಂತಿಲ್ಲ ನಾನು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಅಷ್ಟೇ. ಅವರು ಹದಿನೆಂಟು ಬಾವಿ ಕೊರೆದ ಮೇಲೆ ನಿಮ್ಮ ನಿಜ ಇಟ್ಕೊಂಡು ಏನು ಮಾಡ್ತೀರಾ? ಕುಡಿಯೋಕಾಗುತ್ತಾ?"

ಅವನು ಕೆಟ್ಟವನಲ್ಲ. ಹುಲ್ಲುಗಾವಲಿಗಾಗಿ ಎಂಟು ತಿಂಗಳಿಂದ ನೆಟ್ಟಗೆ ಊಟ ಮಾಡದವನು. ಅದಕ್ಕೇ ಆ ಮಾತು ಅವಳಿಗೆ ಅಷ್ಟು ನಾಟಿತು. ಮನೆಗೆ ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು: ಬಾಯಿಬಿಟ್ಟರೆ ಬಾವಿ ಹೋಗುತ್ತದೆ, ಜೊತೆಗೆ ಗಂಡ ಊರಿಗೆಲ್ಲ ನಗೆಪಾಟಲು. ಬಾಯಿಬಿಡದಿದ್ದರೆ ಮಳೆಯಲ್ಲಿ, ಚಳಿಯಲ್ಲಿ, ಜ್ವರದಲ್ಲಿ ಹೋಗಿ ಬರೆದ ಸಾವಿರದ ಎಂಟುನೂರು ಸೋಮವಾರಗಳೂ ಆ ಏಳರ ಜೊತೆ ಸುಳ್ಳಾಗುತ್ತವೆ. ಬೇರೆ ಯಾರಿಗೂ ಅಲ್ಲ, ತನಗೇ.

ದರ್ಜಿ ಆ ಸಂಜೆ ಮಷಿನ್ನು ಮುಟ್ಟಲಿಲ್ಲ. "ನಾಳೆ ತಪ್ಪು ನಂದು ಅಂತ ಹೇಳ್ತೀನಿ. ನಿಮ್ಮ ಹೆಸರು ಎತ್ತಲ್ಲ," ಅಂದಳು ಅವಳು.

ಪುರಸಭೆಯ ಸಭಾಂಗಣದಲ್ಲಿ ಮರುದಿನ ಸೂಜಿ ಹಾಕಲೂ ಜಾಗವಿರಲಿಲ್ಲ. ವಿಚಾರಣೆಗೆ ಬಂದಿದ್ದ ಅಧಿಕಾರಿ ಒಬ್ಬ ಹೆಂಗಸು. ಮಾತು ಕಡಿಮೆ, ಕೈಯಲ್ಲಿ ಸದಾ ಪೆನ್ನು. ಒಂದು ಕಡೆ ಕಂಪನಿಯ ವಕೀಲ, ಅವನ ಪಕ್ಕದಲ್ಲಿ ಅವರ ಭೂವಿಜ್ಞಾನಿ, ವಯಸ್ಸಾದವರು. ಇನ್ನೊಂದು ಕಡೆ ಸಮಿತಿ, ಬೋರ್ಡು. ಔಷಧಿ ಅಂಗಡಿಯವನು ಅವಳ ಕಡೆ ನೋಡಲೇ ಇಲ್ಲ.

ಅವಳು ಎದ್ದು ನಿಂತು ಪುಸ್ತಕಗಳ ಮೇಲೆ ಕೈಯಿಟ್ಟಳು. "ಮೇಡಮ್, ಕೆಂಪು ಬಣ್ಣದ ಆ ಏಳು ಅಂಕಿ ತಪ್ಪು. ಒಂದೊಂದರಲ್ಲೂ ನಾಲ್ಕು ಇಂಚು ಕಳೀಬೇಕು. ನನ್ನಿಂದಾದ ತಪ್ಪು."

ಸಭೆಯೆಲ್ಲ ಗುಸುಗುಸು ಶುರುವಾಯಿತು. ಅಷ್ಟರಲ್ಲಿ ನಾಲ್ಕನೇ ಸಾಲಿನಿಂದ ಒಂದು ಕುರ್ಚಿ ಕಿರ್ರೆಂದಿತು.

"ಅವಳದ್ದಲ್ಲ ಮೇಡಮ್. ನಂದು."

ಹತ್ತು ಜನರ ಮುಂದೆ ನಿಂತು ಮಾತಾಡಿದ ಮನುಷ್ಯನೇ ಅಲ್ಲ ಅವನು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆದಿಟ್ಟು ಬರಲು ಮರೆತಿದ್ದ. ಸುಣ್ಣ, ಟೇಪು, ಲೂಸು, ಎಲ್ಲವನ್ನೂ ಹೇಳಿದ. ಜನ ಬಿದ್ದು ಬಿದ್ದು ನಕ್ಕರು. ಅವನ ಕಿವಿಯ ತುದಿ ಕೆಂಪಾಯಿತು, ಆದರೂ ಕೂರಲಿಲ್ಲ.

ಅಧಿಕಾರಿ ನಗಲಿಲ್ಲ. "ನಿಮ್ಮ ಪತ್ನಿ ನಿವೃತ್ತರು. ಯಾರೂ ಈ ಅಳತೆ ಕೇಳಿರಲಿಲ್ಲ. ಏಳು ವಾರ ಬಿಟ್ಟಿದ್ರೆ ಏನಾಗ್ತಿತ್ತು? ನೀವ್ಯಾಕೆ ಹೋದಿರಿ?"

"ಬಿಡೋಕೆ ಇವಳು ಬಿಡ್ಬೇಕಲ್ಲ ಮೇಡಮ್. ನಾನು ಹೋಗ್ದಿದ್ರೆ ಗೋಡೆ ಹಿಡ್ಕೊಂಡು ಇವಳೇ ಹೋಗೋಳು. ಬಗ್ಗಿದ್ರೆ ಕಣ್ಣು ಹೋಗುತ್ತೆ ಅಂದಿದ್ರು ಡಾಕ್ಟ್ರು." ನಕ್ಕವರೇ ಆಗ ತಲೆ ತಗ್ಗಿಸಿದರು.

ವಕೀಲನಿಗೆ ಮಾತ್ರ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಷ್ಟು ಖುಷಿ. ಎದ್ದು ನಿಂತು, "ಹಾಗಾದರೆ ನಾವು ಕೊರೆದಾಗ ನೀರು ಇಳಿಯಲೇ ಇಲ್ಲ. ಈ ತಾಯಿಯ ಪ್ರಾಮಾಣಿಕತೆಗೆ ನಮಸ್ಕಾರ. ನಾಲ್ಕು ಇಂಚು ಕಳೆದ ಮೇಲೆ ಈ ಪುಸ್ತಕಗಳು ಪೂರ್ತಿಯಾಗಿ ನಮಗೆ ಒಪ್ಪಿಗೆ, ದಾಖಲು ಮಾಡಿಕೊಳ್ಳಿ" ಅಂದ.

"ಪೂರ್ತಿ?" ಅಂದರು ಅಧಿಕಾರಿ.

"ಮೊದಲ ಹಾಳೆಯಿಂದ ಕೊನೆಯ ಹಾಳೆವರೆಗೆ."

ಪಕ್ಕದ ಭೂವಿಜ್ಞಾನಿ ಅವನ ಕೋಟಿನ ತುದಿ ಹಿಡಿದು ಎಳೆದರು. ಅಷ್ಟರಲ್ಲಿ ಅಧಿಕಾರಿ ಬರೆದುಕೊಂಡಾಗಿತ್ತು. ಬರೆದು, ಸುಣ್ಣದಕ್ಕನ ಕಡೆ ತಿರುಗಿದರು. "ಆ ಏಳು ವಾರ ಬಿಡಿ. ಉಳಿದದ್ದು ಏನು ಹೇಳುತ್ತೆ? ನೀವೇ ಹೇಳಿ."

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಒಂದು ಗುಟುಕು ನೀರು ಕುಡಿದಳು.

"ಮೇಡಮ್, ಮಳೆ ಕೈಕೊಟ್ಟ ವರ್ಷ ಊರಿನ ಬೇರೆ ಬಾವಿ ಹತ್ತು ಅಡಿ, ಹನ್ನೆರಡು ಅಡಿ ಇಳಿದಿದ್ವು. ಇದು ಎರಡು ಬೆರಳು. ನೆರೆ ಬಂದ ವರ್ಷ ಎಲ್ಲ ತುಂಬಿ ಹರೀತು, ಇದು ಅಲ್ಲಾಡಲಿಲ್ಲ. ಅಂದ್ರೆ ಇದು ಮೇಲಿಂದ ಇಳಿದ ನೀರಲ್ಲ, ತಳದಿಂದ ಬರೋ ನೀರು. ಎಷ್ಟು ತಳದಿಂದ ಅಂತ ನಂಗೆ ಗೊತ್ತಿಲ್ಲ, ನಾನು ಅಷ್ಟು ಓದಿದವಳಲ್ಲ. ಇವರು ಓದಿದವರು." ಭೂವಿಜ್ಞಾನಿಯ ಕಡೆ ಕೈ ತೋರಿಸಿದಳು. "ಇವರು ಕೊರೆಯೋ ಕಲ್ಲು, ನಮ್ಮ ನೀರು ಬರೋ ಕಲ್ಲು ಎರಡೂ ಒಂದೇನಾ? ಇವರನ್ನೇ ಕೇಳಿ."

ಅಧಿಕಾರಿ ಕೇಳಿದರು. ಆ ವಯಸ್ಸಾದ ಮನುಷ್ಯ ತಮ್ಮ ಕಾಗದಗಳನ್ನು ತಿರುವಿದರು. ವಕೀಲ ಏನೋ ಹೇಳಲು ಬಾಯಿ ತೆರೆದ, ಅವರು ಕೈ ಎತ್ತಿ ತಡೆದರು. "ಒಂದೇ ಇರಬಹುದು. ಇಲ್ಲ ಅಂತ ನಾನು ಹೇಳಲಾರೆ. ಒಂದು ಕಡೆ ಏಳು ವಾರ ಕೊರೆದಾಗ ನೀರು ಅಲ್ಲಾಡಲಿಲ್ಲ ಅಂದರೆ ಹದಿನೆಂಟು ಕಡೆ ಕೊರೆದಾಗಲೂ ಅಲ್ಲಾಡುವುದಿಲ್ಲ ಅಂತ ಅರ್ಥವಲ್ಲ. ಇಂಥ ದಾಖಲೆ ಇದೆ ಅಂತ ನಮಗೆ ಗೊತ್ತಿರಲಿಲ್ಲ," ಅಂದರು.

ಆದೇಶ ಅಂದೇ ಬಂತು. ಎರಡೂ ಕಲ್ಲು ಒಂದೇನಾ ಅಂತ ಗೊತ್ತಾಗುವ ತನಕ, ಕಡಿಮೆಯೆಂದರೆ ಎರಡು ವರ್ಷ, ಹುಲ್ಲುಗಾವಲಿನಲ್ಲಿ ಯಾರೂ ಒಂದು ಗುದ್ದಲಿ ಸಹ ಹಾಕುವಂತಿಲ್ಲ. ಗೆದ್ದೆವು ಅಂತ ಕುಣಿಯುವಂಥದ್ದಲ್ಲ, ಆದರೂ ಜನ ಕುಣಿದರು. ಔಷಧಿ ಅಂಗಡಿಯವನು ಬಂದು ಅವಳ ಎದುರು ನಿಂತ, ಮೂಗು ಒರೆಸಿಕೊಂಡ. ಅವಳು ಅವನ ಬೆನ್ನು ತಟ್ಟಿ, "ಹೋಗಿ, ಮೊದಲು ಊಟ ಮಾಡಿ" ಅಂದಳು.

ಗಂಡ ಹೆಂಡತಿ ನಡೆದುಕೊಂಡೇ ಮನೆ ಕಡೆ ಹೊರಟರು.

"ಕೋಪಾನಾ?" ಅಂದ ಅವನು.

"ಇಲ್ದೆ ಏನು! ಬಾವಿಗೆ ಲೂಸು ಬಿಡ್ತಾರಂತೆ!" ಅಂದವಳು ನಾಲ್ಕು ಹೆಜ್ಜೆ ಹಾಕಿ ನಿಂತಳು. "ಅಲ್ಲ ರೀ, ಮದುವೆಯಾಗಿ ಇಷ್ಟು ವರ್ಷ ಆಯ್ತು. ಬನ್ನಿ ಬನ್ನಿ ಅಂತ ಕರೆದ್ರೂ ಒಂದು ದಿನ ನೀವು ನನ್ನ ಜೊತೆ ಬಾವಿ ಹತ್ರ ಬಂದವರಲ್ಲ. ಸೋಮಾರಿ ಅಂದ್ಕೊಂಡಿದ್ದೆ."

ಅವನು ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಹೇಳಿದ, "ಭಯ ಕಣೇ. ಚಿಕ್ಕಂದಿನಿಂದ. ಬಾವಿಯೊಳಗೆ ನೋಡಿದ್ರೆ ಕೈಕಾಲು ನಡುಗುತ್ತೆ. ಹೇಳೋಕೆ ನಾಚಿಕೆ ಆಗ್ತಿತ್ತು."

"ಮತ್ತೆ ಆ ಏಳು ವಾರ?"

"ದೂರದಿಂದಲೇ ಮಂಡಿಯೂರಿ, ತೆವಳ್ಕೊಂಡು ಹೋಗ್ತಿದ್ದೆ. ಒಂದು ಕೈಯಲ್ಲಿ ಕಟ್ಟೆ ಗಟ್ಟಿಯಾಗಿ ಹಿಡ್ಕೊಂಡು, ಕಣ್ಣು ಮುಚ್ಕೊಂಡು ಟೇಪು ಬಿಡ್ತಿದ್ದೆ."

ಆ ವಾರಗಳಲ್ಲಿ ಅವನ ಪ್ಯಾಂಟಿನ ಮಂಡಿಗೆ ಮಣ್ಣಾಗಿರುತ್ತಿದ್ದದ್ದು ಅವಳಿಗೆ ಗೊತ್ತಾಗಿರಲೇ ಇಲ್ಲ, ಅವಳ ಕಣ್ಣಿಗೆ ಪಟ್ಟಿ ಕಟ್ಟಿತ್ತಲ್ಲ. ಸುಣ್ಣದಕ್ಕ ನಡುಬೀದಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ದರ್ಜಿ ಕಂಗಾಲಾಗಿ, "ಏಯ್, ಜನ ನೋಡ್ತಾರೆ ಕಣೇ, ಕಣ್ಣಿಗೆ ಒಳ್ಳೇದಲ್ಲ ಕಣೇ" ಅನ್ನುತ್ತಿದ್ದ. ಅವಳು ಅವನ ತೋಳು ಹಿಡಿದುಕೊಂಡಳು, ಮನೆ ಬರುವವರೆಗೂ ಬಿಡಲಿಲ್ಲ.