ಎತ್ತುವವರಿಲ್ಲದ ಹಾಡು

ಪರ್ತ್‌ಗೆ ಬಂದ ಹೊಸದರಲ್ಲಿ ಕನ್ನಡದವರ ಯುಗಾದಿ ಊಟಕ್ಕೆ ಹೋಗಿದ್ದೆ. ಹೋಳಿಗೆ ಬಡಿಸುತ್ತಿದ್ದ ಮೈಸೂರಿನ ಹೆಂಗಸೊಬ್ಬರು ನನ್ನ ಗುಂಗುರು ಕೂದಲು, ಕಪ್ಪು ಮುಖ ನೋಡಿ, ಇದು ಬೇಳೆಯಿಂದ ಮಾಡುವ ಸಿಹಿ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸತೊಡಗಿದರು.

"ತುಪ್ಪ ಸ್ವಲ್ಪ ಜಾಸ್ತಿ ಹಾಕಿ ಆಂಟಿ" ಎಂದೆ.

ಅವರ ಚಮಚ ಹಾಗೇ ನಿಂತಿತು. "ಕನ್ನಡ ಎಷ್ಟ್ ಚೆನ್ನಾಗಿ ಮಾತಾಡ್ತೀರಾ."

"ನೀವೂ ಚೆನ್ನಾಗೇ ಮಾತಾಡ್ತೀರಿ" ಎಂದು ತಟ್ಟೆ ಹಿಡಿದು ಮುಂದೆ ನಡೆದೆ. ಆಮೇಲೆ ಮೂಲೆಯಲ್ಲಿ ಒಬ್ಬಳೇ ಕೂತು ಉಂಡೆ. ಬಾಯಿ ಜೋರಿದ್ದವರಿಗೆ ಪಕ್ಕದ ಕುರ್ಚಿ ಖಾಲಿಯೇ ಇರುತ್ತದೆ.

ನಾನು ಹಳಿಯಾಳದ ಕಡೆಯ ಸಿದ್ದಿ ಹೆಂಗಸು. ನಮ್ಮ ಹಿರೀಕರನ್ನು ಎಂದೋ ಆಫ್ರಿಕಾದಿಂದ ಹಡಗಿನಲ್ಲಿ ತಂದರಂತೆ. ಯಾವ ಊರಿನಿಂದ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ. ಮಸ್ಕತ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಅಲ್ಲಿಂದ ಇಲ್ಲಿನ ಆಸ್ಪತ್ರೆಗೆ ಬಂದವಳು. ಇಲ್ಲಿನ ಆಫ್ರಿಕಾದವರ ಅಂಗಡಿಗೆ ಹೋದರೆ ಅವರು ಖುಷಿಯಿಂದ ತಮ್ಮ ಭಾಷೆಯಲ್ಲಿ ಮಾತು ಶುರು ಮಾಡುತ್ತಾರೆ, ನಾನು ಮಿಕಮಿಕ ನೋಡುತ್ತೇನೆ. ಬ್ರಿಸ್ಬೇನ್‌ನ ಇಂಡೂರೂಪಿಲ್ಲಿಯಲ್ಲಿ ಸಿದ್ದಿ ಹುಡುಗಿಯೊಬ್ಬಳು ಓದುತ್ತಿದ್ದಾಳೆಂದು ಯಾರೋ ಹೇಳಿದಾಗ ನಂಬರ್ ಹುಡುಕಿ ಫೋನ್ ಮಾಡಿದೆ. ಅವಳು ಕೀನ್ಯಾದವಳು. ಇಬ್ಬರೂ ಪರಸ್ಪರ ಕ್ಷಮೆ ಕೇಳಿ ಇಟ್ಟೆವು.

ಒಂದು ಶನಿವಾರ ಫ್ರೀಮ್ಯಾಂಟಲ್‌ನಲ್ಲಿ ರೈಲಿನಿಂದಿಳಿದು ನಡೆಯುತ್ತಿದ್ದೆ. ಒಂದು ಸಮುದಾಯ ಭವನದೊಳಗಿಂದ ಡೋಲಿನ ಸದ್ದು ಕೇಳಿ ಕಾಲು ತಾನಾಗಿ ಒಳಗೆ ಹೋಯಿತು. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಮುದುಕರೊಬ್ಬರು ತಮ್ಮವರ ಮಕ್ಕಳಿಗೆ ಡೋಲು ಕಲಿಸುತ್ತಿದ್ದರು. ವಾರವೆಲ್ಲ ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ, ಶನಿವಾರ ಇಲ್ಲಿ ಬಂದು ಕೂರುತ್ತಿದ್ದರು. ಹಿಂದೆ ಅಡಿಲೇಡ್‌ನಲ್ಲಿ ಅವರು ನಡೆಸುತ್ತಿದ್ದ ತರಗತಿ ಮಕ್ಕಳಿಲ್ಲದೆ ಮುಚ್ಚಿತ್ತಂತೆ. ನನ್ನನ್ನು ಅವರು ಯಾವ ದೇಶ ಎಂದು ಕೇಳಲಿಲ್ಲ, ಒಂದು ಡೋಲು ಕೊಟ್ಟರು. ನಾನು ಪ್ರತಿ ವಾರ ಹೋಗತೊಡಗಿದೆ.

ಕೆಲವು ತಿಂಗಳಾದ ಮೇಲೆ ಅವರು, "ಸಿಸ್ಟರ್, ನಿಮ್ಮ ಕಡೆಯದೊಂದು ಹಾಡು ಮಕ್ಕಳಿಗೆ ಕಲಿಸಿ" ಎಂದರು. ನಾನು ಜಂಬದಿಂದ ಎದ್ದು ನಿಂತೆ. ಬಾಯಿ ತೆರೆದಾಗ ಗೊತ್ತಾಯಿತು, ನನಗೆ ಬರುವುದು ಅರ್ಧ ಹಾಡು ಮಾತ್ರ.

ನಮ್ಮಲ್ಲಿ ಹಬ್ಬಕ್ಕೆ, ಮದುವೆಗೆ ಡಮಾಮಿ ಎಂಬ ಡೋಲು ಬಾರಿಸಿ ಹೆಂಗಸರು ಕುಣಿಯುತ್ತಾರೆ. ಹಾಡು ಎತ್ತುತ್ತಿದ್ದವಳು ನನ್ನ ದೊಡ್ಡವ್ವ. ಎದುರಿಗೆ ಯಾರಿದ್ದಾರೋ ಅವರನ್ನು ನೋಡಿ, ಕಾಲೆಳೆದು, ನಿಂತಲ್ಲೇ ಸಾಲು ಕಟ್ಟುತ್ತಿದ್ದಳು. ಬಿಳಿ ಬೂಟು ಹಾಕಿ ಬಂದ ಮದುಮಗ ಕೆಸರು ಕಂಡು ಹಾರಿದ್ದನ್ನು ಅವಳು ಹಾಡಿದಾಗ ಇಗರ್ಜಿಯ ಅಂಗಳವೆಲ್ಲ ನಕ್ಕಿತ್ತು. ಪ್ರತಿ ಸಾಲಿಗೂ ನಾವು ಹಿಮ್ಮೇಳದವರು ಒಂದೇ ಉತ್ತರ ಕೊಡುತ್ತಿದ್ದೆವು. ಅದರ ಅರ್ಥ ನಮಗ್ಯಾರಿಗೂ ಗೊತ್ತಿರಲಿಲ್ಲ. ನಾನು ಯಾವಾಗಲೂ ಹಿಂದಿನ ಸಾಲಿನವಳು. ಸಮುದ್ರ ದಾಟಿ ನಾನು ತಂದದ್ದು ಉತ್ತರ ಮಾತ್ರ.

ಎತ್ತುವ ಸಾಲುಗಳನ್ನು ಹೇಗಾದರೂ ಕಲಿಯಬೇಕೆಂದು ದೊಡ್ಡವ್ವನಿಗೆ ಫೋನ್ ಮಾಡಿದೆ. ಆ ಹಾಡು ಎತ್ತಬಲ್ಲವರು ಊರಿನಲ್ಲಿ ಅವಳೊಬ್ಬಳೇ ಉಳಿದಿದ್ದಳು. ಸುಮ್ಮನೆ ಹೇಳಿಕೊಡು ಎಂದರೆ ಆಗುವುದಿಲ್ಲ ಎಂದಳು. ಉತ್ತರ ಬಿದ್ದರೆ ಮಾತ್ರ ಅವಳಿಗೆ ಮುಂದಿನ ಸಾಲು ಹುಟ್ಟುತ್ತಿತ್ತು. ಸರಿ, ಅವಳು ಎತ್ತಿದಳು, ನಾನು ಇಲ್ಲಿ ಅಡುಗೆಮನೆಯಲ್ಲಿ ನಿಂತು ಉತ್ತರಿಸಿದೆ. ಆದರೆ ನನ್ನ ದನಿ ಹಳಿಯಾಳ ಮುಟ್ಟುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಅವಳು ನಿಲ್ಲಿಸಿಬಿಡುತ್ತಿದ್ದಳು.

"ಯಾಕ ಹಿಂದ ಬೀಳ್ತೀಯೇ? ಉಂಡಿಲ್ಲೇನು?"

"ಫೋನು ದೊಡ್ಡವ್ವ. ಫೋನು ತಡ ಮಾಡ್ತದ."

"ಫೋನಿಗೆ ಯಾಕ ಬೈತಿ. ನೀ ದೂರ ಹೋಗೀದಿ, ಅದಕ್ಕ."

ಮತ್ತೆ ಮತ್ತೆ ಪ್ರಯತ್ನಿಸಿದೆವು. ಒಂದು ಸಲವೂ ಎರಡನೆಯ ಸಾಲಿಗೆ ಹೋಗಲಿಲ್ಲ. ರಜೆ ಹಾಕಿ ಬರುತ್ತೇನೆ, ಎದುರಿಗೇ ಕೂತು ಕಲಿಯುತ್ತೇನೆ ಎಂದು ಟಿಕೆಟ್ ನೋಡುತ್ತಿದ್ದ ವಾರವೇ ದೊಡ್ಡವ್ವ ತೀರಿಕೊಂಡ ಸುದ್ದಿ ಬಂತು. ಅತ್ತೆ, ನಿಜ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಅವಳ ಮೇಲೂ, ಇಷ್ಟು ದೊಡ್ಡ ಸಮುದ್ರದ ಮೇಲೂ. ಆಸ್ಪತ್ರೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದರು, ಆದರೆ ಏನು ಹೋಯಿತೆಂದು ಅವರಿಗೆ ಹೇಗೆ ಗೊತ್ತಾಗಬೇಕು.

ಶನಿವಾರ ಹೋಗಿ ಮುದುಕರಿಗೆ, ನನ್ನಿಂದ ಕಲಿಸಲಾಗದು, ಹಾಡು ಎತ್ತುತ್ತಿದ್ದ ದೊಡ್ಡವ್ವ ಹೋದಳು, ನನ್ನಲ್ಲಿರುವುದು ಉತ್ತರ ಮಾತ್ರ ಎಂದೆ. ಅವರು ಅದನ್ನು ಹಾಡಿಸಿ ಕೇಳಿದರು. ಆ ಮಾತು ಅವರ ಊರಿನದಾಗಿರಬಹುದೇ ಎಂಬ ಆಸೆ ನನಗೆ ಒಳಗೊಳಗೇ ಇತ್ತು. ಅವರು ತಲೆಯಲ್ಲಾಡಿಸಿದರು.

"ನಮ್ಮದಲ್ಲ ಸಿಸ್ಟರ್. ಆದರೂ ಇರುವಷ್ಟನ್ನೇ ಕಲಿಸಿ. ಅವರು ಹಾಡುತ್ತಿದ್ದ ಜಾಗವನ್ನು ನಾವು ಖಾಲಿ ಬಿಡೋಣ."

ಹಾಗೇ ಮಾಡಿದೆವು. ಡೋಲು ನಡೆಯುತ್ತಿತ್ತು, ದೊಡ್ಡವ್ವನ ಸಾಲಿನಷ್ಟು ಹೊತ್ತು ಯಾರೂ ಬಾಯಿ ತೆರೆಯುತ್ತಿರಲಿಲ್ಲ, ಆಮೇಲೆ ಮಕ್ಕಳೆಲ್ಲ ಒಟ್ಟಿಗೆ ಉತ್ತರ ಕೊಡುತ್ತಿದ್ದರು. ಅವರಿಗೆ ಅದೊಂದು ಆಟ. ನಾನು ಆ ಖಾಲಿ ಜಾಗ ಬಂದಾಗಲೆಲ್ಲ ಬೆರಳಿನ ಮೇಲೆ ತಾಳ ಎಣಿಸುತ್ತಿದ್ದೆ.

ಹೋದ ತಿಂಗಳು ಒಂದು ದಿನ ಮುದುಕರು ಡೋಲಿನ ಮುಂದೆ ಕೂರುವಾಗ ಅವರ ಮಂಡಿ ಲಟಕ್ಕೆಂದಿತು. ಖಾಲಿ ಜಾಗ ಬಂದಾಗ ನನಗೇ ಗೊತ್ತಿಲ್ಲದೆ ಹಾಡು ಎತ್ತಿಬಿಟ್ಟೆ, "ಡೋಲು ಬಡಿಯೋ ಅಜ್ಜಾ, ನಿನ್ನ ಡೋಲಿಗಿಂತ ಮಂಡಿ ಜೋರು."

ದೊಡ್ಡವ್ವ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಅಲ್ಲಿ ಯಾರೂ ನಗಲಿಲ್ಲ, ಯಾರಿಗೂ ಅರ್ಥವಾಗಿರಲಿಲ್ಲ. ಮಕ್ಕಳ ಉತ್ತರ ಮಾತ್ರ ತಡವಾಗಲಿಲ್ಲ.