ಅಪ್ಪನ ಕೋಟು ಅಂಗಡಿಗೆ ಹೋದದ್ದು

ಅಪ್ಪ ತೀರಿಕೊಂಡು ವರ್ಷಾಂತಿಕ ಕಳೆದರೂ ಅವರ ಕಪ್ಪು ಕೋಟು ನಡುಮನೆಯ ಗೂಟದಲ್ಲೇ ಇತ್ತು. ಸಾಗರದ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದ ಅಪ್ಪ ಕಡುಬೇಸಿಗೆಯಲ್ಲೂ ಅದನ್ನು ಹಾಕಿಕೊಳ್ಳದೆ ಶಾಲೆಗೆ ಹೋದವರಲ್ಲ. ಅವರ ಪಂಚೆ, ಶರಟು, ಛತ್ರಿ, ಚಪ್ಪಲಿ ಎಲ್ಲವನ್ನೂ ಅಮ್ಮ ಒಂದೊಂದಾಗಿ ಯಾರ್ಯಾರಿಗೋ ಕೊಟ್ಟುಬಿಟ್ಟಿದ್ದಳು. ಕೋಟಿನ ಮಾತೆತ್ತಿದರೆ ಮಾತ್ರ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ನಾನಾಗ ಪ್ರೈಮರಿ ಶಾಲೆಗೆ ಟೀಚರಾಗಿ ಸೇರಿದ್ದೆ. ಮನೆಯಲ್ಲಿ ಇದ್ದವರು ನಾವಿಬ್ಬರೇ. ಅಪ್ಪ ಹೋದ ಮೇಲೆ ಅಮ್ಮ ಹೊಸಿಲು ದಾಟಿರಲಿಲ್ಲ. ವಿಧವೆಯಾದವಳು ಬೀದಿಯಲ್ಲಿ ಕಾಣಿಸಿಕೊಂಡರೆ ಆಡಿಕೊಳ್ಳುವ ಜನ ಆಗ ಬೇಕಾದಷ್ಟಿದ್ದರು.

ಭಾನುವಾರ ನಾನು ಮಹಿಳಾ ಸಮಾಜದ ಅಂಗಡಿಗೆ ಹೋಗುತ್ತಿದ್ದೆ. ಅಂಗಡಿಯೆಂದರೆ ಸಮಾಜದ ಹಿಂಭಾಗದ ಒಂದು ಉದ್ದನೆಯ ಕೋಣೆ. ಊರವರು ತಮಗೆ ಬೇಡವಾದ ಬಟ್ಟೆ, ಪಾತ್ರೆ, ಕುರ್ಚಿ, ಲಾಂದ್ರ ತಂದುಕೊಡುತ್ತಿದ್ದರು. ಅದನ್ನು ತೀರ ಕಡಿಮೆ ಬೆಲೆಗೆ ಮಾರಿ, ಬಂದದ್ದರಲ್ಲಿ ಆಸ್ಪತ್ರೆಗೆ ಬರುವ ಬಡ ಬಾಣಂತಿಯರಿಗೆ ಹಾಲು, ಔಷಧಿ ಕೊಡಿಸುತ್ತಿದ್ದರು. ನಾನು ಶಾಲೆಗೆ ಉಡುತ್ತಿದ್ದ ಸೀರೆಗಳಲ್ಲಿ ಹೆಚ್ಚಿನವು ಅಲ್ಲಿ ಕೊಂಡವೇ. ಕೊಳ್ಳಲು ಹೋಗಿ ಹೋಗಿ, ಕೊನೆಗೆ ಬಟ್ಟೆ ಮಡಿಸುವುದು, ಬಂದವರಿಗೆ ತೋರಿಸುವುದು ನನ್ನ ಕೆಲಸವೇ ಆಯಿತು.

ಅಂಗಡಿ ನೋಡಿಕೊಳ್ಳುತ್ತಿದ್ದವರು ಒಬ್ಬ ಡಾಕ್ಟರರ ಹೆಂಡತಿ. ಎಂಥ ಬಡವರು ಬಂದರೂ ಅವರು ಬಿಟ್ಟಿಯಾಗಿ ಏನನ್ನೂ ಕೊಡುತ್ತಿರಲಿಲ್ಲ. ನಾನೊಮ್ಮೆ ಕೇಳಿದ್ದಕ್ಕೆ, "ಸುಮ್ನೆ ಕೊಟ್ರೆ ಕೊಟ್ಟದ್ದನ್ನ ತಗಂಡು ತಲೆ ತಗ್ಗಿಸ್ಕೊಂಡು ಹೋಗ್ತಾರೆ. ಕೊಳ್ಳೋರಾದ್ರೆ ಬಣ್ಣ ಸರಿಯಿಲ್ಲ ಅಂತ ಜಗಳ ಆಡ್ತಾರೆ. ಆಡ್ಲಿ ಬಿಡು," ಎಂದಿದ್ದರು.

ಶರಾವತಿಗೆ ಅಣೆ ಕಟ್ಟಿ, ನೀರು ನಿಂತು ಏರತೊಡಗಿದ್ದ ಕಾಲ ಅದು. ಹೊಳೆಯಾಚೆಯ ಊರುಗಳು ಖಾಲಿಯಾಗುತ್ತಿದ್ದವು. ಎತ್ತಿನ ಗಾಡಿಗಳಲ್ಲಿ, ಲಾರಿಗಳಲ್ಲಿ ಬಂದ ಸಂಸಾರಗಳು ಮುಂದಕ್ಕೆ ಒಯ್ಯಲಾರದ್ದನ್ನು ನಮ್ಮ ಅಂಗಡಿಯಲ್ಲಿ ಇಳಿಸಿಹೋಗುತ್ತಿದ್ದವು. ಬೀಸುಕಲ್ಲು, ಕಡಾಯಿ, ತೊಟ್ಟಿಲು, ಬಾಗಿಲಿನ ರೆಕ್ಕೆ. ಒಬ್ಬ ಮುದುಕಿ ತನ್ನ ಒರಳುಕಲ್ಲನ್ನು ಇಳಿಸಿ, ಅದನ್ನೊಮ್ಮೆ ಸೆರಗಿನಿಂದ ಒರೆಸಿ ಹೋದಳು. ಕೋಣೆ ತುಂಬಿ, ಹೊರಗಿನ ಜಗಲಿಯೂ ತುಂಬಿತು.

ಹೀಗಿರುವಾಗ ಒಂದು ಭಾನುವಾರ ತುಮರಿ ಕಡೆಯ ಒಬ್ಬಾತ ಬಂದ. ನಡುವಯಸ್ಸು, ಗಿಡ್ಡ ಆಳು, ಹೆಗಲ ಮೇಲೆ ಕಂಬಳಿ. ಬಾಗಿಲಲ್ಲೇ ನಿಂತು ಕೇಳಿದ:

"ಕೋಟೇನಾದ್ರೂ ಇದ್ಯಾ ಅಮ್ಮ?"

ಚಳಿಗೆ ಕೇಳುತ್ತಿದ್ದಾನೆ ಎಂದುಕೊಂಡು ನಾನೊಂದು ಉಣ್ಣೆಯ ಶಾಲು ತೆಗೆದುಕೊಟ್ಟೆ. ಆತ ಬೇಡವೆಂದು ತಲೆಯಾಡಿಸಿದ.

"ಚಳಿಗಲ್ಲ. ಜಮೀನು ಕೇಳಕ್ಕೆ ಕಚೇರಿಗೆ ಹೋಗ್ಬೇಕು. ಎಷ್ಟ್ ಸಲ ಹೋದ್ರೂ ಬಾಗ್ಲಲ್ಲೇ ನಿಲ್ಲಿಸ್ತಾರೆ. ಕೋಟ್ ಹಾಕ್ದೋರು ನನ್ನ ದಾಟ್ಕಂಡೇ ಒಳಗೆ ಹೋಗ್ತಾರೆ."

"ಜಮೀನು ನಿಮ್ಮದೇನಾ?"

"ನಮ್ಮಜ್ಜನ ಕಾಲದಿಂದ ನಾವೇ ಮಾಡ್ಕಂಡು ಬಂದಿದ್ದು. ಗೇಣಿ ಜಮೀನು. ಈಗ ಅದ್ರ ಮೇಲೆ ನೀರು ನಿಂತದೆ."

ಅಂಗಡಿಯಲ್ಲಿ ಕೋಟು ಇರಲಿಲ್ಲ. ಮುಂದಿನ ವಾರ ನೋಡೋಣ ಎಂದು ಹೇಳಿ ಕಳಿಸಿದೆ. ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಕೋಟು ಕೊಡು ಎಂದು ಮಾತ್ರ ಕೇಳಲಿಲ್ಲ. ಆಕೆ ಸೌತೆಕಾಯಿ ಹೆಚ್ಚುತ್ತಿದ್ದಳು. ಹೆಚ್ಚುವುದನ್ನು ನಿಲ್ಲಿಸಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಹೊರಡುವಾಗ ಅಮ್ಮ ಜಗಲಿಯಲ್ಲಿ ಕೂತಿದ್ದಳು. ಕೋಟು ಅವಳ ಮಡಿಲಲ್ಲಿತ್ತು. ಸಡಿಲವಾಗಿದ್ದ ಗುಂಡಿಯೊಂದನ್ನು ಬಿಗಿದು ದಾರ ಕಡಿದಳು.

"ತಗಂಡು ಹೋಗ್ತಿಯಾ?" ಎಂದಳು. ನಾನು ಕೈಚಾಚಿದೆ. ಅವಳು ಕೊಡಲಿಲ್ಲ. ಎದ್ದು ಸೆರಗು ಹೊದ್ದಳು. "ಆನೂ ಬತ್ತಿ," ಎಂದು ನನ್ನ ಜೊತೆ ಹೊರಟಳು.

ಬೀದಿಯುದ್ದಕ್ಕೂ ಅವಳು ತಲೆ ಎತ್ತಲಿಲ್ಲ. ಕೋಟನ್ನು ಮಗುವಿನ ಹಾಗೆ ಎದೆಗೆ ಹಿಡಿದುಕೊಂಡಿದ್ದಳು.

ಆತ ನಮಗಿಂತ ಮೊದಲೇ ಬಂದು ಕಾಯುತ್ತಿದ್ದ. ಹಾಕಿ ನೋಡಿದಾಗ ತೋಳು ಬೆರಳನ್ನೂ ದಾಟಿ ಇಳಿಬಿದ್ದಿತು. ಅಪ್ಪ ಎತ್ತರದ ಆಳು. ಆತನ ಮುಖ ಸಪ್ಪಗಾದದ್ದನ್ನು ಕಂಡು ಅಮ್ಮ, "ತೆಗೀರಿ ಇತ್ಲಾಗೆ," ಎಂದಳು. ಸೂಜಿದಾರ ಕೇಳಿ ಪಡೆದು, ಗೋಡೆಗೊರಗಿ ಕೂತು, ತೋಳುಗಳನ್ನು ಒಳಕ್ಕೆ ಮಡಚಿ ಹೊಲಿಯತೊಡಗಿದಳು. ಆತ ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ.

"ಯಾರದ್ದಮ್ಮ ಇದು?"

"ಒಬ್ರು ಮೇಷ್ಟ್ರದ್ದು."

"ಅವ್ರಿಗೆ ಬೇಡ್ವಾ?"

ಅಮ್ಮ ಹೊಲಿಗೆಯಿಂದ ಕಣ್ಣೆತ್ತಲಿಲ್ಲ. "ಬೇಡ," ಎಂದಳು.

ಆತ ಬೆಲೆ ಕೊಟ್ಟು, ಕೋಟು ತೊಟ್ಟುಕೊಂಡೇ ಹೊರಟ. ಬೆನ್ನ ಕಡೆಯಿಂದ ನೋಡಿದರೆ ಅಪ್ಪನ ಹಾಗೆ ಸ್ವಲ್ಪವೂ ಕಾಣುತ್ತಿರಲಿಲ್ಲ. ಅದರಿಂದ ನನಗೆ ಸಮಾಧಾನವೇ ಆಯಿತು. ಅಮ್ಮನಿಗೆ ಏನನ್ನಿಸಿತೋ ನಾನು ಕೇಳಲಿಲ್ಲ.

ಕೆಲವು ವಾರಗಳ ಮೇಲೆ ಆತ ಮತ್ತೆ ಬಂದ. ಕೋಟನ್ನು ಮಡಚಿ ತಂದಿದ್ದ.

"ಒಳಗೆ ಬಿಟ್ರು. ಕುರ್ಚಿ ಮೇಲೆ ಕೂರ್ಸಿ ಮಾತಾಡ್ಸಿದ್ರು," ಎಂದ. ಆಮೇಲೆ ತಡೆದು, "ಕಾಗ್ದದಲ್ಲಿ ಒಡೇರ ಹೆಸರೇ ಇರೋದು ಅಂದ್ರು. ಪರಿಹಾರ ಅವ್ರಿಗಂತೆ. ನಮಗೇನಿಲ್ಲ ಅಂದ್ರು. ಬೈಲಿಲ್ಲ, ಮರ್ಯಾದೆಲೇ ಹೇಳಿದ್ರು," ಎಂದ.

ಡಾಕ್ಟರರ ಹೆಂಡತಿ ಕೋಟಿನ ಬೆಲೆ ವಾಪಸು ಕೊಡಲು ಹೋದರು. ಆತ ಮುಟ್ಟಲಿಲ್ಲ. "ನಾನು ಹಾಕ್ಕಂಡಿದ್ದಾಯ್ತಲ್ಲ. ನಮ್ ಕಡೇರು ಕಚೇರಿಗೆ ಹೋಗೋರು ಇನ್ನೂ ಇದಾರೆ. ಅವ್ರಿಗೆ ಆಗ್ಲಿ."

"ನೀವು ಮುಂದೆಂತ ಮಾಡ್ತೀರಿ?" ಅಮ್ಮ ಕೇಳಿದಳು.

"ತೀರ್ಥಳ್ಳಿ ಕಡೆ ಗದ್ದೆ ಕೆಲಸ ಇದೆ ಅಂದ್ರು. ಹೆಂಡ್ತಿ ಮಕ್ಕಳನ್ನ ಕರ್ಕಂಡು ಹೋಗ್ತೀನಿ."

ಆತ ಹೇಳಿದಂತೆಯೇ ಆಯಿತು. ಕೋಟು ಕೇಳಿಕೊಂಡು ಒಬ್ಬರ ಹಿಂದೊಬ್ಬರು ಬಂದರು; ಕೊಂಡು ತೊಟ್ಟು ಹೋಗಿ, ಕಚೇರಿಯ ಕೆಲಸ ಮುಗಿದ ಮೇಲೆ ತಂದಿಟ್ಟರು. ಒಬ್ಬರಿಗೆ ತೋಳು ಬಿಚ್ಚಬೇಕು, ಇನ್ನೊಬ್ಬರಿಗೆ ಮಡಚಬೇಕು. ಅಮ್ಮ ಪ್ರತಿ ಭಾನುವಾರ ಸೂಜಿಯ ಡಬ್ಬಿ ಹಿಡಿದು ನನ್ನ ಜೊತೆ ಹೊರಡತೊಡಗಿದಳು. ಕೋಟಿಲ್ಲದ ದಿನ ಬೇರೆಯವರ ಹರಿದ ರವಿಕೆ, ಚಡ್ಡಿ ಹೊಲಿದು ಮಾರಾಟಕ್ಕೆ ಇಡುತ್ತಿದ್ದಳು.

ಪಕ್ಕದ ಮನೆಯಾಕೆ ಒಮ್ಮೆ ಬೇಲಿಯಾಚೆಯಿಂದ ಅಂದಳು: "ಯಾರ್ಯಾರೋ ಹಾಕಿ ಬಿಟ್ಟ ಬಟ್ಟೆ ಮುಟ್ಟಿ ಹೊಲಿತ್ಯಲೇ, ಎಂತ ಕರ್ಮ ನಿಂಗೆ?"

"ಮಿಂದ್ರೆ ಆತು," ಎಂದು ಅಮ್ಮ ಒಳಗೆ ಬಂದಳು.

ಕೋಟು ತೊಟ್ಟು ಹೋದವರಲ್ಲಿ ತಮ್ಮದೇ ಹೆಸರಿನಲ್ಲಿ ಜಮೀನಿನ ಪಟ್ಟಾ ಇದ್ದ ಒಂದೆರಡು ಸಂಸಾರಕ್ಕೆ ಹೊಸನಗರದ ಕಡೆ ಜಾಗ ಸಿಕ್ಕಿತೆಂದು ಕೇಳಿದೆವು. ಉಳಿದವರಿಗೆ ಸಿಕ್ಕಲಿಲ್ಲ. ಕೊನೆಗೊಬ್ಬ ತೆಗೆದುಕೊಂಡು ಹೋದವನು ಹಿಂದಕ್ಕೆ ತರಲಿಲ್ಲ. ಕೊಂಡದ್ದನ್ನು ತರಲೇಬೇಕೆಂದೇನೂ ಇರಲಿಲ್ಲವಲ್ಲ. ಅಮ್ಮ ಕೆಲವು ಭಾನುವಾರ ಬಾಗಿಲ ಕಡೆ ನೋಡಿದಳು, ಆಮೇಲೆ ನೋಡುವುದನ್ನು ಬಿಟ್ಟಳು.

ಆದರೆ ತೀರ್ಥಹಳ್ಳಿ ಕಡೆಯವರು ಯಾರು ಬಂದರೂ ಆ ಮೊದಲನೆಯವನ ಗುರುತು ಹೇಳಿ ವಿಚಾರಿಸುತ್ತಿದ್ದಳು. ಬಹಳ ದಿನಗಳ ಮೇಲೆ, ಕವಲೇದುರ್ಗದ ಕೆಳಗಿನ ಹಳ್ಳಿಯೊಂದರಿಂದ ಪಾತ್ರೆ ಕೊಳ್ಳಲು ಬಂದಿದ್ದ ಹೆಂಗಸು, ಮುಳುಗಡೆಯಿಂದ ಬಂದ ಅಂಥದೊಂದು ಸಂಸಾರ ತಮ್ಮೂರಲ್ಲಿದೆ ಎಂದಳು.

"ಮನೆ ಕಟ್ಕಂಡ್ರಾ?" ಅಮ್ಮ ಕೇಳಿದಳು.

"ಹುಲ್ಲಿಂದು. ಬೇರೆಯವ್ರ ಜಾಗದಲ್ಲಿ."

"ಮಕ್ಕಳು?"

"ದೊಡ್ಡದು ಹೋಯ್ತಂತೆ, ಜ್ವರ ಬಂದು. ಸಣ್ಣದು ಶಾಲೆಗೆ ಹೋಗ್ತದೆ."

ಅಮ್ಮ ಎದ್ದು, ರಾಶಿಯಲ್ಲಿ ಹುಡುಕಿ, ಮಗುವಿಗಾಗುವಂಥ ಒಂದು ಅಂಗಿ ತೆಗೆದಳು. ಅದರ ಬೆಲೆಯನ್ನು ತಾನೇ ಪೆಟ್ಟಿಗೆಗೆ ಹಾಕಿ, ಅಂಗಿಯನ್ನು ಆ ಹೆಂಗಸಿನ ಕೈಗಿತ್ತು, "ಕೋಟಿನ ಬಾಕಿಗೆ ಅಂಗಡಿಯಿಂದ ಬಂತು ಅಂತ ಹೇಳಿ," ಎಂದಳು.